ಮಂಗನ ಕಾಯಿಲೆಯೂ ಮೈಯೊಳಗಣ ಕಾವಲೂ

ಆಲ್ದೂರಿನ ಸುತ್ತಣ ತೋಟಗಳಲ್ಲಿ ಕಾಫಿಯ ಕುಯ್ಲು ನಡೆಯುವ ಕಾಲಕ್ಕೇ ಮಲೆನಾಡಿನ ಕಾಡುಗಳ ತರಗೆಲೆಗಳಲ್ಲಿ ಉಣುಗಿನ ಮರಿಗಳ ಕಾಟವೂ ಮೊದಲಾಗುವುದು. ಅವುಗಳ ಕಡಿತದಿಂದ ಬರುವ ಮಂಗನ ಕಾಯಿಲೆಯು ಇದೇ ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಕಡೆ ಕಾಣಿಸಿಕೊಂಡಿರುವುದರಿಂದ ಆಲ್ದೂರಿನ ಗೃಹಸ್ಥರಿಗೆ ಇದು ದೂರದ ವಾರ್ತೆಯಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದಾಗ ಇದರ ವೈರಸ್ಸು ಪತ್ತೆಯಾಯಿತು. ಇದನ್ನೇ ಕೊಲ್ಲುವ ಔಷಧವಿಲ್ಲ. ಆದರೂ ರೋಗ ಹಿಡಿದ ನೂರು ಮಂದಿಯಲ್ಲಿ 90ಕ್ಕೂ ಹೆಚ್ಚು ಜನ ಬದುಕಿಕೊಳ್ಳುವರು. ಅವರನ್ನು ಕಾಯುವವರಾರು?

ವೈರಸ್ಸು ನಮ್ಮ ಜೀವಕಣದೊಳಗೆ ಹೊಕ್ಕು, ಆ ಕಣದ ಸಾಮಗ್ರಿಯಿಂದಲೇ ತನ್ನ ಸಂತತಿಯನ್ನು ಬೆಳೆಸುವುದು. ರಕ್ತದಲ್ಲಿರುವ ಪ್ರತಿಕಾಯಗಳು ಹೊರಗೆ ತಿರುಗುವ ವೈರಸ್ಸನ್ನು ಹಿಡಿಯಬಲ್ಲುವು. ಆದರೆ ಮನೆಯೊಳಗೆ ಹೊಕ್ಕು ಬಾಗಿಲಿಕ್ಕಿಕೊಂಡ ಕಳ್ಳನನ್ನು ಬೀದಿಯ ಪಹರೆಯವನು ಹಿಡಿಯುವುದೆಂತು? ಅದಕ್ಕಾಗಿ ಇರುವುವು ಟಿ-ಕಣಗಳು. ಮೂಳೆಯ ನೆಣದಲ್ಲಿ ಹುಟ್ಟಿ, ಎದೆಯೊಳಗಣ ಥೈಮಸ್ ಗ್ರಂಥಿಯಲ್ಲಿ ಪಳಗುವುದರಿಂದ ಅವಕ್ಕೆ ಈ ಹೆಸರು. ಸ್ವಂತ ದೇಹದ ಮೇಲೆ ಬೀಳುವ ಸ್ವಭಾವದವುಗಳಲ್ಲಿ ಬಹುಪಾಲು ಅಲ್ಲಿಯೇ ನಾಶವಾಗುವುವು.

ಹೊರಗೆ ಬಿದ್ದ ಎಂಜಲೆಲೆಯನ್ನು ನೋಡಿ ಒಳಗೆ ಅಟ್ಟುದೇನೆಂದು ತಿಳಿಯಬಹುದಷ್ಟೆ. ಹಾಗೆಯೇ ಹೆಚ್ಚುಕಡಿಮೆ ಪ್ರತಿಯೊಂದು ಜೀವಕಣವೂ ತನ್ನೊಳಗೆ ತಯಾರಾದ ಪ್ರೋಟೀನುಗಳ ಚೂರುಗಳನ್ನು ಒಂದು ಪುಟ್ಟ ತಟ್ಟೆಯಲ್ಲಿಟ್ಟು ಮೈಮೇಲೆ ತೋರಿಸುತ್ತಿರುವುದು. ಟಿ-ಕಣವು ಆ ಚೂರನ್ನೂ ತಟ್ಟೆಯನ್ನೂ ಕೂಡಿಯೇ ಗುರುತಿಸಬೇಕು. 1974ರಲ್ಲಿ ಕ್ಯಾನ್‌ಬೆರಾದಲ್ಲಿ ಜಿಂಕರ್‌ನಾಗೆಲ್ ಮತ್ತು ಡೊಹರ್ಟಿ ಎಂಬಿಬ್ಬರು ಇಲಿಗಳಲ್ಲಿ ಇದನ್ನು ಕಂಡರು: ವೈರಸ್ಸು ಒಂದೇ ಆದರೂ, ಬೇರೆ ತಳಿಯ ಇಲಿಯ ಕಣವನ್ನು ಟಿ-ಕಣವು ಮುಟ್ಟಲಿಲ್ಲ, ಅದರ ತಟ್ಟೆ ಬೇರೆಯಷ್ಟೆ! 1996ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಡೊಹರ್ಟಿಯವರು ಓದಿದ್ದು ಪಶುವೈದ್ಯ.

ಹೊಸ ಶತ್ರುವಿನ ಗುರುತು ಬಲ್ಲ ಟಿ-ಕಣಗಳು ಮೊದಲಿಗೆ ಬಹಳ ವಿರಳ. ಕಂಕುಳು, ಕತ್ತುಗಳ ಗ್ರಂಥಿಗಳಲ್ಲಿ ಅವು ಒಂದು ಎರಡಾಗಿ, ಎರಡು ನಾಲ್ಕಾಗಿ, ಸೈನ್ಯವಾಗಲು ಸುಮಾರು ಒಂದು ವಾರ ಬೇಕು. ಆ ಗ್ರಂಥಿಗಳು ಊದುವುದು ಇದರಿಂದಲೇ. ಬಳಿಕ ಕೊಲ್ಲುವ ಪಂಗಡದವು ಸೋಂಕಿದ ಕಣದ ಮೈಗೆ ರಂಧ್ರ ಕೊರೆದು ಅದನ್ನು ವೈರಸ್ಸಿನ ಸಮೇತ ಮುಗಿಸುವುವು. ನೆರವಿನ ಪಂಗಡದವು ಪ್ರತಿಕಾಯಗಳ ತಯಾರಿಗೆ ಪ್ರೇರಣೆ ಕೊಡುವುವು. ಯುದ್ಧ ಮುಗಿದ ಮೇಲೆ ಕೆಲವು ಮಾತ್ರ ನೆನಪಿನ ಕಾವಲಾಗಿ ಉಳಿಯುವುವು.

ಮಂಗನ ಕಾಯಿಲೆಗೆ ಹಿಂದೆ ಹಾಕುತ್ತಿದ್ದ ಲಸಿಕೆಯಲ್ಲಿದ್ದುದು ಕೊಂದ ವೈರಸ್ಸು. ಸತ್ತದ್ದು ಕಣದೊಳಗೆ ಬೆಳೆಯಲಾರದು. ಹೀಗಾಗಿ ಇಂಥ ಲಸಿಕೆಗಳಿಂದ ಕೊಲ್ಲುವ ಟಿ-ಕಣಗಳು ಚೆನ್ನಾಗಿ ಎಚ್ಚರಗೊಳ್ಳುವುದಿಲ್ಲ. ತಿಂಗಳ ಅಂತರದಲ್ಲಿ ಎರಡು ಸಲ, ಆಮೇಲೆ ಆರರಿಂದ ಒಂಬತ್ತು ತಿಂಗಳೊಳಗೆ, ಮತ್ತೆ ವರ್ಷ ವರ್ಷವೂ ಚುಚ್ಚಿಸಿಕೊಳ್ಳಬೇಕಾಗಿತ್ತು. ಅಷ್ಟಾದರೂ ರಕ್ಷಣೆ ಸಾಲದೆಂದು ಕಂಡು 2022ರಲ್ಲಿ ಅದನ್ನು ನಿಲ್ಲಿಸಿದರು.

ಕಾಡಿಗೆ ಹೋಗಿಬಂದವರಿಗೆ ಜ್ವರ ಬಂದರೆ ಆ ಸಂಗತಿಯನ್ನು ವೈದ್ಯರಿಗೆ ಮೊದಲೇ ತಿಳಿಸಿರಿ. ಜ್ವರವಿಳಿದು ಒಂದೆರಡು ವಾರ ಕಳೆದ ಮೇಲೆ ಕೆಲವರಿಗೆ ಅದು ಮರುಕಳಿಸಿ, ತಲೆನೋವು, ನಡುಕ, ಬುದ್ಧಿಭ್ರಮೆಗಳು ತೋರುವುದುಂಟು. ಆಗ ಮನೆಯ ಕಷಾಯವನ್ನು ನೆಚ್ಚಿ ಕೂರದೆ ಆಸ್ಪತ್ರೆಗೆ ಕರೆದೊಯ್ಯಬೇಕು.