ಇಲ್ಲಿ ಬಿಡುಗಡೆಯಾದ ಪುಸ್ತಕಕ್ಕೆ ಅಲ್ಲೇಕೆ ಬೀಗ?

ಬಿ.ಎಂ. ಶ್ರೀಕಂಠಯ್ಯನವರ 'ಪಾರಸಿಕರು' ನಾಟಕವನ್ನು ಚೆನ್ನೈಯಲ್ಲಿ ಆಡಬೇಕೆಂದು ನಾವು ಮನಸ್ಸು ಮಾಡಿದರೆ ಯಾರ ಅಪ್ಪಣೆಯನ್ನೂ ಕೇಳಬೇಕಾದ್ದಿಲ್ಲ. ಅದೇ ನಾಟಕವನ್ನು ನಮ್ಮ ಮಕ್ಕಳು ನ್ಯೂಜೆರ್ಸಿಯ ಒಂದು ಸಭಾಂಗಣದಲ್ಲಿ ಆಡಹೊರಟರೆ ಅಪ್ಪಣೆ ಬೇಕು. ೨೦೩೦ನೆಯ ಇಸವಿಯ ಕೊನೆಯ ದಿನದವರೆಗೂ ಬೇಕು. ಬರೆದವರು ಕನ್ನಡಿಗರು, ಓದುವವರು ಕನ್ನಡಿಗರು, ಆಡುವವರೂ ನೋಡುವವರೂ ಕನ್ನಡಿಗರೇ. ಮೂಲ ನಾಟಕವಂತೂ ಸುಮಾರು ಎರಡೂವರೆ ಸಾವಿರ ವರ್ಷಗಳ ಹಿಂದಿನ ಗ್ರೀಕ್ ಕವಿ ಈಸ್ಕಿಲಸನದು. ಅವನ ಕಡೆಯಿಂದ ತಕರಾರು ಬರುವ ಸಂಭವವಿಲ್ಲ. ಹಾಗಿದ್ದೂ ಸಮುದ್ರ ದಾಟಿದೊಡನೆ ಪುಸ್ತಕಕ್ಕೆ ಬೀಗ ಬೀಳುವುದು ಹೇಗೆ?

ನಮ್ಮ ದೇಶದ ಲೆಕ್ಕ ಸುಲಭವಾದದ್ದು. ಗ್ರಂಥಕರ್ತರು ಕಾಲವಾದ ವರ್ಷ ಮುಗಿದ ಮೇಲೆ ಅರವತ್ತು ವರ್ಷ ಗ್ರಂಥಸ್ವಾಮ್ಯ ಇರುತ್ತದೆ. ಶ್ರೀಯವರು ತೀರಿಕೊಂಡದ್ದು ೧೯೪೬ರಲ್ಲಿ. ೨೦೦೬ರ ಕೊನೆಗೆ ಅವರ ಬರಹವೆಲ್ಲ ಸಾರ್ವಜನಿಕರ ಸೊತ್ತಾಯಿತು. ಅಮೆರಿಕದವರು ಹಳೆಯ ಪುಸ್ತಕಗಳಿಗೆ ಎಣಿಸುವುದು ಗ್ರಂಥಕರ್ತರ ಆಯುಸ್ಸನ್ನಲ್ಲ, ಪುಸ್ತಕ ಅಚ್ಚಾದ ವರ್ಷವನ್ನು. ಅಲ್ಲಿಂದ ತೊಂಬತ್ತೈದು ವರ್ಷ. 'ಪಾರಸಿಕರು' ಹೊರಬಂದದ್ದು ೧೯೩೫ರಲ್ಲಿ. ಉಳಿದ ಕೂಡಿಕೆಯನ್ನು ವಾಚಕರೇ ಮಾಡಿಕೊಳ್ಳಬಹುದು.

ಇದರಲ್ಲಿ ವಿಚಿತ್ರವೆಂದರೆ, ಒಂದು ಕಾಲದಲ್ಲಿ ಇಂಥ ಪುಸ್ತಕಗಳಿಗೆ ಅಮೆರಿಕದಲ್ಲಿ ಯಾವ ರಕ್ಷಣೆಯೂ ಇರಲಿಲ್ಲ. ಆ ದೇಶದ ಹಳೆಯ ಕಾಯಿದೆಯಂತೆ ಪುಸ್ತಕದಲ್ಲಿ ಹಕ್ಕಿನ ಸೂಚನೆಯನ್ನು ಕ್ರಮವಾಗಿ ಅಚ್ಚುಮಾಡಬೇಕಿತ್ತು. ಇಪ್ಪತ್ತೆಂಟು ವರ್ಷ ತುಂಬುವ ಹೊತ್ತಿಗೆ ವಾಷಿಂಗ್ಟನ್ನಿನ ಕಚೇರಿಗೆ ಅರ್ಜಿ ಹಾಕಿ ಹಕ್ಕನ್ನು ನವೀಕರಿಸಬೇಕಿತ್ತು. ಮೈಸೂರು, ಧಾರವಾಡ, ಮಂಗಳೂರುಗಳಲ್ಲಿ ಐನೂರು ಸಾವಿರ ಪ್ರತಿ ಅಚ್ಚುಹಾಕಿಸಿ, ಸಾಲ ತೀರಿದರೆ ಸಾಕೆಂದುಕೊಂಡ ನಮ್ಮ ಸಾಹಿತಿಗಳಲ್ಲಿ ಇದನ್ನೆಲ್ಲ ಯಾರು ಮಾಡಿಯಾರು? ಆದ್ದರಿಂದ ಹೊರದೇಶದ ಅಸಂಖ್ಯಾತ ಗ್ರಂಥಗಳು ಅಲ್ಲಿ ಹುಟ್ಟಿನಿಂದಲೋ, ಇಪ್ಪತ್ತೆಂಟು ವರ್ಷದ ಬಳಿಕವೋ ಅನಾಥವಾದವು. ಬರ್ನ್ ಒಪ್ಪಂದಕ್ಕೆ ಭಾರತ ೧೯೨೮ರಲ್ಲಿಯೇ ಸೇರಿತ್ತು. ಅಮೆರಿಕ ಸೇರಿದ್ದು ೧೯೮೯ರಲ್ಲಿ. ಸೇರಿದಾಗಲೂ ಹಿಂದೆ ಕೈಬಿಟ್ಟ ಗ್ರಂಥಗಳ ಮಾತನ್ನು ಅದು ಎತ್ತಲಿಲ್ಲ.

ಆ ಮಾತನ್ನು ಎತ್ತಿಸಿದ್ದು ವ್ಯಾಪಾರದ ಒಪ್ಪಂದ. ೧೯೯೪ರಲ್ಲಿ ಮರಾಕೆಶ್ ನಗರದಲ್ಲಿ ರುಜುವಾದ ಒಡಂಬಡಿಕೆಯಿಂದ ವಿಶ್ವ ವ್ಯಾಪಾರ ಸಂಸ್ಥೆ ಹುಟ್ಟಿತು. ಅಕ್ಕಿ, ಬಟ್ಟೆ, ಔಷಧಿಗಳ ಜೊತೆಗೆ ಪುಸ್ತಕ, ಸಂಗೀತಗಳ ಹಕ್ಕೂ ಅದರಲ್ಲಿ ಸೇರಿತು. ತಮ್ಮ ಚಲನಚಿತ್ರ ಮತ್ತು ಪುಸ್ತಕಗಳಿಗೆ ಪರದೇಶಗಳಲ್ಲಿ ರಕ್ಷಣೆ ಬೇಕಾದರೆ ಪರದೇಶದವರ ಕೃತಿಗಳಿಗೆ ತಾವೂ ರಕ್ಷಣೆ ಕೊಡಬೇಕೆಂಬುದು ಅಮೆರಿಕಕ್ಕೆ ಮನವರಿಕೆಯಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕಾಯಿದೆ ಮಾಡಿ, ೧೯೯೬ರ ಜನವರಿ ೧ರಂದು ಸ್ವದೇಶದಲ್ಲಿ ಹಕ್ಕು ಜೀವಂತವಾಗಿದ್ದ ಪರದೇಶದ ಕೃತಿಗಳಿಗೆಲ್ಲ ಕಳೆದುಹೋದ ಹಕ್ಕನ್ನು ಮರಳಿಸಿತು. ಅರ್ಜಿ ಬೇಡ, ಶುಲ್ಕ ಬೇಡ. ಆ ಬೆಳಿಗ್ಗೆ ಎಷ್ಟೋ ಕನ್ನಡ ಸಾಹಿತಿಗಳ ಮೊಮ್ಮಕ್ಕಳು ತಮಗೆ ಅರಿವಿಲ್ಲದೆಯೇ ಅಮೆರಿಕದಲ್ಲಿ ಸೊತ್ತುದಾರರಾದರು!

ಇದರಲ್ಲಿ ರವೀಂದ್ರನಾಥ ಠಾಕೂರರ ಪಾತ್ರವೂ ಉಂಟು. ಅವರು ತೀರಿಕೊಂಡದ್ದು ೧೯೪೧ರಲ್ಲಿ. ಐವತ್ತು ವರ್ಷದ ಹಕ್ಕು ೧೯೯೧ರ ಕೊನೆಗೆ ಮುಗಿಯಲಿದ್ದಾಗ ನಮ್ಮ ಸರ್ಕಾರ ಅವಸರದಲ್ಲಿ ಅದನ್ನು ಅರವತ್ತಕ್ಕೆ ಏರಿಸಿತು. ೧೯೪೧ರಿಂದ ೧೯೪೫ರೊಳಗೆ ತೀರಿಕೊಂಡ ಭಾರತೀಯ ಲೇಖಕರಿಗೆಲ್ಲ ಅಮೆರಿಕದ ಈ ಹಕ್ಕು ದೊರೆತದ್ದು ಠಾಕೂರರ ನೆಪದಿಂದ.

ಮರಳಿ ಕೊಟ್ಟದ್ದರಿಂದ ಕಷ್ಟಕ್ಕೊಳಗಾದವರು ಸುಮ್ಮನಿರಲಿಲ್ಲ. ಡೆನ್ವರ್ ವಿಶ್ವವಿದ್ಯಾನಿಲಯದ ವಾದ್ಯವೃಂದ ನಿರ್ದೇಶಕ ಲಾರೆನ್ಸ್ ಗೋಲನ್ ಮತ್ತು ಇತರರು ದಾವೆ ಹೂಡಿದರು. ರಷ್ಯದ ಪ್ರೊಕೋಫಿಯೆವ್ ಮಕ್ಕಳಿಗಾಗಿ ರಚಿಸಿದ 'ಪೀಟರ್ ಮತ್ತು ತೋಳ'ವನ್ನು ಅದುವರೆಗೆ ಸಣ್ಣ ಊರಿನ ವಾದ್ಯವೃಂದವೂ ನಿರ್ಭಯವಾಗಿ ನುಡಿಸುತ್ತಿತ್ತು. ಈಗ ಅದಕ್ಕೆ ಹಣ ತೆರಬೇಕಾಯಿತು. ಜನರ ಕೈಸೇರಿದ್ದನ್ನು ಸರ್ಕಾರ ಹಿಂದಕ್ಕೆ ಕಿತ್ತುಕೊಳ್ಳಬಹುದೇ ಎಂಬುದು ಅವರ ಪ್ರಶ್ನೆ. ೨೦೧೨ರ ಜನವರಿಯಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಆರು ಮಂದಿಯ ಬಹುಮತದಿಂದ ಕಾಯಿದೆಯನ್ನು ಎತ್ತಿಹಿಡಿಯಿತು. ಒಪ್ಪದ ಇಬ್ಬರಲ್ಲಿ ನ್ಯಾಯಮೂರ್ತಿ ಬ್ರೇಯರ್ ಒಬ್ಬರು. ಹಳೆಯ ಕೃತಿಗೆ ಈಗ ಹಕ್ಕು ಕೊಟ್ಟರೆ ಹೊಸ ಕೃತಿ ಹುಟ್ಟುವುದಿಲ್ಲ, ಹಕ್ಕುದಾರರನ್ನು ಹುಡುಕುವ ಖರ್ಚು ಮಾತ್ರ ಬೆಳೆಯುತ್ತದೆ ಎಂಬುದು ಅವರ ವಾದದ ಸಾರ.

ತೀರ್ಪು ನ್ಯಾಯವಾದದ್ದೆಂದು ಒಪ್ಪಲು ನಮಗೆ ಅಡ್ಡಿಯಿಲ್ಲ. ಪರದೇಶದ ಕಚೇರಿಗೆ ಅರ್ಜಿ ಹಾಕಲಿಲ್ಲವೆಂದು ಬರೆದವನ ಹಕ್ಕು ಹೋಗುವುದು ಯಾವ ನೀತಿ? ಆದರೆ ಕನ್ನಡ ಪುಸ್ತಕಗಳ ಮಟ್ಟಿಗೆ ಬ್ರೇಯರರ ಮಾತೇ ಹೆಚ್ಚು ದಿಟವೆಂದು ನಮ್ಮ ಅಭಿಪ್ರಾಯ. ಪ್ರೊಕೋಫಿಯೆವನ ಪರವಾಗಿ ಹಣ ವಸೂಲು ಮಾಡಲು ಪ್ರಕಾಶಕರಿದ್ದಾರೆ. ನಮ್ಮ ಹಳೆಯ ಕಾದಂಬರಿಕಾರರ ಹಕ್ಕು ಮೂರು ತಲೆಮಾರಿನಲ್ಲಿ ಹತ್ತಾರು ಮೊಮ್ಮಕ್ಕಳಿಗೆ ಹಂಚಿಹೋಗಿದೆ. ಅಪ್ಪಣೆ ಕೊಡಬೇಕಾದವರಿಗೆ ತಾವು ಕೊಡಬಲ್ಲೆವೆಂಬುದೇ ತಿಳಿಯದು. ಹಕ್ಕುದಾರರು ಸಿಕ್ಕದಿದ್ದರೆ ಭಾರತದಲ್ಲಿ ಕಾಯಿದೆಯ ೩೧-ಎ ವಿಧಿಯಂತೆ ಪರವಾನಗಿ ಬೇಡಲು ದಾರಿ ಉಂಟು. ಅಮೆರಿಕದ ಕಾಯಿದೆಯಲ್ಲಿ ಹಳೆಯ ಪುಸ್ತಕಗಳಿಗೆ ಅಂಥ ದಾರಿಯಿಲ್ಲ. ಅಲ್ಲಿನ ಗ್ರಂಥಾಲಯ ಪುಸ್ತಕದ ಪುಟಗಳನ್ನು ಕಂಪ್ಯೂಟರಿಗೆ ಏರಿಸಿಯೂ ಬಾಗಿಲು ಹಾಕಿಟ್ಟುಕೊಳ್ಳುವುದು ಈ ಭಯದಿಂದ.

ನಾವಿರುವ ಈ ಊರಿನಲ್ಲಿಯೇ ಬೇರೊಂದು ಬಗೆಯ ಪರಿಹಾರ ನಡೆದದ್ದುಂಟು. ತಿರುವಲ್ಲಿಕ್ಕೇಣಿಯಲ್ಲಿ ೧೯೨೧ರಲ್ಲಿ ತೀರಿಕೊಂಡ ಸುಬ್ರಹ್ಮಣ್ಯ ಭಾರತಿಯವರ ಹಾಡುಗಳ ಪ್ರಸಾರದ ಹಕ್ಕು ಕೈಯಿಂದ ಕೈಗೆ ದಾಟಿ ಚಿತ್ರೋದ್ಯಮಿ ಎ.ವಿ. ಮೆಯ್ಯಪ್ಪನ್ ಅವರಲ್ಲಿಗೆ ಬಂದಿತ್ತು. ಕವಿಯ ಹಾಡು ಜನಕ್ಕೆ ಸೇರಬೇಕೆಂಬ ಕೂಗೆದ್ದು, ೧೯೪೯ರಲ್ಲಿ ಮದರಾಸು ಸರ್ಕಾರವೇ ಹಕ್ಕನ್ನು ವಹಿಸಿಕೊಂಡಿತು. ಮುಂದೆ ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಆಮೇಲೆ ತಮಿಳುನಾಡಿನಲ್ಲಿ ಎಷ್ಟೋ ಲೇಖಕರ ವಾರಸುದಾರರಿಗೆ ಹಣ ಕೊಟ್ಟು ಪುಸ್ತಕಗಳನ್ನು ನಾಡಿನ ಸೊತ್ತಾಗಿ ಮಾಡುವ ಪದ್ಧತಿ ಬೆಳೆಯಿತು. ಮನೆಯವರಿಗೂ ಓದುಗರಿಗೂ ಒಪ್ಪುವ ಏರ್ಪಾಡು ಎನ್ನಬೇಕು.

ಅದೇ ೧೯೪೯ರಲ್ಲಿ ಅದೇ ಸರ್ಕಾರ ಮಂಜೇಶ್ವರದ ಗೋವಿಂದ ಪೈಗಳಿಗೆ ರಾಷ್ಟ್ರಕವಿ ಎಂಬ ಬಿರುದನ್ನು ಕೊಟ್ಟಿತು. ಪೈಗಳು ೧೯೬೩ರಲ್ಲಿ ತೀರಿಕೊಂಡರು. ಭಾರತದಲ್ಲಿ ಅವರ ಕಾವ್ಯ ೨೦೨೪ರ ಜನವರಿಯಿಂದ ಮುಕ್ತ. ೧೯೩೦ರ 'ಗಿಳಿವಿಂಡು' ಮಾತ್ರ ಅಮೆರಿಕದಲ್ಲಿ ೨೦೨೫ರ ಕೊನೆಯವರೆಗೆ ಪಂಜರದಲ್ಲಿತ್ತು.

ಲೆಕ್ಕ ತಿರುಗುಮುರುಗಾಗುವುದೂ ಉಂಟು. ಇದೇ ಚೆನ್ನೈಯಲ್ಲಿ ಹುಟ್ಟಿ, ಮೈಸೂರಿನಲ್ಲಿ ಬಾಳಿ, ೨೦೦೧ರಲ್ಲಿ ಇಲ್ಲಿಯೇ ಕಣ್ಣುಮುಚ್ಚಿದ ಆರ್.ಕೆ. ನಾರಾಯಣರ 'ಸ್ವಾಮಿ ಅಂಡ್ ಫ್ರೆಂಡ್ಸ್' ಲಂಡನ್ನಿನಲ್ಲಿ ಅಚ್ಚಾದದ್ದೂ ೧೯೩೫ರಲ್ಲಿ. ತೊಂಬತ್ತೈದು ವರ್ಷದ ಲೆಕ್ಕದಂತೆ ಅಮೆರಿಕದ ಹುಡುಗರಿಗೆ ೨೦೩೧ರಲ್ಲಿ ಸ್ವಾಮಿ ಸ್ವತಂತ್ರನಾಗಿ ಸಿಕ್ಕುತ್ತಾನೆ. ಮಾಲ್ಗುಡಿಯ ನೆರೆಹೊರೆಯವರಾದ ನಮಗೆ ೨೦೬೨ರವರೆಗೆ ಕಾಯಬೇಕು.

ಅಮೆರಿಕದ ಕನ್ನಡ ಕೂಟಗಳಲ್ಲಿರುವ ಬಂಧುಗಳಿಗೆ ಎರಡು ಮಾತು ತಿಳಿಸಿದರೆ ಉಪಕಾರವಾದೀತು. ಟಿಕೆಟಾಗಲಿ ಸಂಭಾವನೆಯಾಗಲಿ ಇಲ್ಲದ ಕೂಟದಲ್ಲಿ ಕವಿತೆ ಓದುವುದಕ್ಕೆ ಅಲ್ಲಿನ ಕಾಯಿದೆ ಅಡ್ಡಬರುವುದಿಲ್ಲ. ನಾಟಕಕ್ಕೆ ಆ ರಿಯಾಯಿತಿ ಇಲ್ಲ. ಇನ್ನು ಇಲ್ಲಿ ನಮ್ಮ ನಡುವೆ ಲೇಖಕರ ಮನೆತನದವರಿದ್ದರೆ, ಅಜ್ಜನ ಪುಸ್ತಕಗಳ ಪಟ್ಟಿ, ಒಂದೊಂದೂ ಮೊದಲು ಅಚ್ಚಾದ ವರ್ಷ, ಈಗಿನ ಹಕ್ಕುದಾರರ ಹೆಸರು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲರ ರುಜು ಹಾಕಿಸಿಡಲಿ. ಅಪ್ಪಣೆ ಬೇಡಿ ಕಾಗದ ಬಂದಾಗ ಉತ್ತರ ಬರೆಯುವವರು ಯಾರೆಂಬುದನ್ನೂ ಅದರಲ್ಲಿಯೇ ನಿಶ್ಚಯಿಸಿಕೊಳ್ಳಬಹುದು.