ಆಟಿಕೆಯ ಆರ್ಡರು ಹಿಡಿಯುವ ಮುನ್ನ

ಮರಗಸಿಯಲ್ಲಿ ಬಿದ್ದ ಕೊಂಬೆ, ಕಿತ್ತುಹಾಕಿದ ಹಳೆಯ ಕಾಫಿ ಗಿಡದ ಬೊಡ್ಡೆ, ಗಾಳಿಗೆ ಉರುಳಿದ ಹಲಸು, ಇವೆಲ್ಲ ನಮ್ಮಲ್ಲಿ ಸಾಮಾನ್ಯವಾಗಿ ಒಲೆಗೇ ಹೋಗುತ್ತವೆ. ಇವುಗಳಿಂದ ಮಕ್ಕಳ ಆಟಿಕೆಗಳನ್ನು, ಗಿರಾಕಿಗಳು ಕೇಳಿದ ಅಳತೆಗೆ ಕೇಳಿದ ಬಣ್ಣಕ್ಕೆ ಮಾಡಿಕೊಟ್ಟು ನಾಲ್ಕು ಕಾಸು ಸಂಪಾದಿಸಬಹುದೇ ಎಂದು ಸದಸ್ಯರಲ್ಲಿ ಕೆಲವರು ವಿಚಾರಿಸುತ್ತಿದ್ದಾರೆ. ಸಾಧ್ಯವಿದೆ. ಆದರೆ ಲೇತ್ ಯಂತ್ರಕ್ಕೆ ಹಣ ಹಾಕುವ ಮೊದಲು ಕೆಲವು ಸಂಗತಿಗಳನ್ನು ತಿಳಿದಿರಬೇಕು. ಇಲ್ಲವಾದರೆ ಯಂತ್ರ ಮೂಲೆ ಸೇರುತ್ತದೆ, ಗಿರಾಕಿಯ ಮುಂಗಡವನ್ನೂ ಹಿಂದಿರುಗಿಸಬೇಕಾಗುತ್ತದೆ.

ಈ ಕಸುಬಿಗೆ ನಮಗೆ ಹತ್ತಿರದ ಪಾಠಶಾಲೆ ಚನ್ನಪಟ್ಟಣ. ಅಲ್ಲಿ ಪರಂಪರೆಯಿಂದ ಬಳಸುತ್ತ ಬಂದಿರುವುದು ಆಲೆ ಮರ. ಆಲದ ಮರವೆಂದು ತಿಳಿಯಬಾರದು. ಇದು ಹಾಲಿನಂತಹ ಸೊನೆ ಬರುವ, ಬಿಳಿಯ, ನುಣುಪಾದ ಮರ. ತೊಗಟೆ ತೆಗೆದು, ಚೆನ್ನಾಗಿ ಒಣಗಿಸಿ, ತುಂಡುಮಾಡಿ, ಲೇತಿಗೆ ಸಿಕ್ಕಿಸಿ ಉಳಿಯಿಂದ ಕಡೆಯುತ್ತಾರೆ. ರೂಪ ಬಂದ ಮೇಲೆ, ಮರ ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮೇಲೆಲ್ಲ ಹರಡುತ್ತದೆ. ಕೊನೆಗೆ ಒಣಗಿದ ಗರಿಯನ್ನು ಒತ್ತಿದರೆ ಹೊಳಪು. ಕುಂಚ ಬೇಡ, ಬಣ್ಣದ ಡಬ್ಬಿ ಬೇಡ. ಹಳದಿಗೆ ಅರಿಸಿನ, ಕಂದು ಬಣ್ಣಕ್ಕೆ ಕಾಚು ಬಳಸುವುದುಂಟು. ನಮ್ಮ ಅಡಿಕೆಯ ಜೊತೆಗೆ ಬಾಯಿ ಸೇರುವ ಕಾಚು ಅಲ್ಲಿ ಮರದ ಕುದುರೆಗೆ ಮೈಬಣ್ಣವಾಗುತ್ತದೆ!

ಇನ್ನು ನಮ್ಮ ಮರಗಳ ಮಾತು. ಕಾಫಿ ಗಿಡದ ಬೊಡ್ಡೆ ಗಟ್ಟಿ, ಒತ್ತಾದ ಎಳೆ. ದಪ್ಪ ಸಾಲದು, ಗಿಲಕಿಯ ಹಿಡಿಗೆ, ಸಣ್ಣ ಚಕ್ರಕ್ಕೆ, ಬುಗುರಿಗೆ ಸಾಕು. ಹಲಸು ಕಡೆಯಲು ಒಳ್ಳೆಯದು, ಹಳದಿ ಬಣ್ಣ ತನ್ನಷ್ಟಕ್ಕೇ ಚೆಂದ. ಸಿಲ್ವರ್ ಓಕ್ ಹಗುರ. ದೊಡ್ಡ ಬಂಡಿ, ಪೆಟ್ಟಿಗೆಗಳಿಗೆ ಆದೀತು. ರಬ್ಬರ್ ಮರವನ್ನು ಚನ್ನಪಟ್ಟಣದಲ್ಲೂ ಈಗ ಬಳಸುತ್ತಾರೆ, ಆದರೆ ಕಡಿದ ಕೂಡಲೇ ಬೊರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ಸಂಸ್ಕರಿಸದಿದ್ದರೆ ಬೂಷ್ಟು, ಹುಳು ಎರಡೂ ಬರುತ್ತವೆ. ಅಡಿಕೆ ಮರವನ್ನು ಮಾತ್ರ ಆಟಿಕೆಗೆ ಮುಟ್ಟಬೇಡಿ. ದಬ್ಬೆ ಸೀಳಿದವರಿಗೆಲ್ಲ ಅದರ ಸಿಬಿರಿನ ಪರಿಚಯವಿದೆ. ಮಗುವಿನ ಕೈಗೆ ಅದು ಸಲ್ಲದು. ತೋಟದ ಕಾಡುಮರಗಳನ್ನು ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಹಲವು ಜಾತಿಗಳಿಗೆ ಅನುಮತಿ ಬೇಕೆಂಬುದನ್ನು ಮರೆಯಬಾರದು.

ಎಲ್ಲಕ್ಕಿಂತ ಹೆಚ್ಚಿನ ನಷ್ಟ ಹಸಿ ಮರದಿಂದ. ಹಸಿ ಮರ ಬೆಣ್ಣೆಯಂತೆ ಕಡೆಯಲು ಬರುತ್ತದೆ, ಆದ್ದರಿಂದಲೇ ಹೊಸಬರು ಮೋಸಹೋಗುತ್ತಾರೆ. ತಿಂಗಳೊಳಗೆ ನಡುವಿನಿಂದ ಅಂಚಿಗೆ ಬಿರುಕು ಬಿಡುತ್ತದೆ. ಕಡಿದ ತುಂಡಿನ ಎರಡೂ ಕೊನೆಗಳಿಗೆ ಮೇಣ ಅಥವಾ ಹಳೆಯ ಪೇಂಟು ಬಳಿದು, ನೆಲದಿಂದ ಎತ್ತರದಲ್ಲಿ, ನಡುವೆ ರೀಪು ಕೊಟ್ಟು, ಗಾಳಿಯಾಡುವ ನೆರಳಲ್ಲಿ ಪೇರಿಸಿ. ಒಂದು ಅಂಗುಲ ದಪ್ಪದ ಹಲಗೆಗೆ ಸುಮಾರು ಒಂದು ವರ್ಷ ಎಂಬುದು ಮರಗೆಲಸದವರ ಹಳೆಯ ಲೆಕ್ಕ. ಒಂದು ತುಂಡಿಗೆ ಗುರುತು ಹಾಕಿ ವಾರಕ್ಕೊಮ್ಮೆ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತರೆ ಒಣಗಿತೆಂದು ಅರ್ಥ. ಆದರೆ ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಪರೀಕ್ಷೆಯನ್ನು ನಂಬುವಂತಿಲ್ಲ. ಗಾಳಿಯೇ ತೇವವಾಗಿರುವಾಗ ಮರ ಹಸಿಯಿದ್ದರೂ ತೂಕ ನಿಲ್ಲುತ್ತದೆ. ಅಂತಹ ಮರದಲ್ಲಿ ಮಾಡಿದ ಬಂಡಿ ರಾಯಚೂರಿನ ಬಿಸಿಲಿಗೆ ಹೋದರೆ ಗೂಟ ಸಡಿಲವಾಗಿ ಚಕ್ರ ಕಳಚೀತು. ಕಡೆಯುವ ಮುನ್ನ ಕೆಲವು ವಾರ ಒಲೆಯ ಮೇಲಿನ ಅಟ್ಟದಲ್ಲಿಡುವುದು ಲೇಸು. ಕಾಫಿ ಮೂಟೆಗಳಿರುವ ಕೋಣೆಯಲ್ಲಿ ಮಾತ್ರ ಹಸಿ ಮರ ಬೇಡ. ತೇವವನ್ನೂ ವಾಸನೆಯನ್ನೂ ಕಾಫಿ ಹೀರಿಕೊಳ್ಳುತ್ತದೆ.

ಆರ್ಡರು ಹಿಡಿಯುವಾಗ ಮಗುವಿನ ವಯಸ್ಸು, ಅಳತೆ, ಬಣ್ಣ, ಹೆಸರು ಕೆತ್ತಬೇಕಾದರೆ ಅದರ ಅಕ್ಷರ, ಕೊಡುವ ದಿನ, ಇವನ್ನು ಪುಸ್ತಕದಲ್ಲಿ ಬರೆದು ಗಿರಾಕಿಯ ಸಹಿ ಪಡೆಯಿರಿ. ಅರ್ಧ ಹಣ ಮುಂಗಡ ಬರಲಿ. ಒಬ್ಬರ ಮಗುವಿನ ಹೆಸರಿರುವ ಆಟಿಕೆಯನ್ನು ಇನ್ನೊಬ್ಬರು ಕೊಳ್ಳುವುದಿಲ್ಲವಲ್ಲ. ಬೆಲೆಯನ್ನು ಮರದ ಮೇಲೆ ಕಟ್ಟಬೇಡಿ, ಹೊತ್ತಿನ ಮೇಲೆ ಕಟ್ಟಿ. ಉದಾಹರಣೆಗೆ ನಕ್ಷೆ ಮತ್ತು ಮಾದರಿಗೆ 2 ಗಂಟೆ, ಆಮೇಲೆ ತಲಾ 40 ನಿಮಿಷ ಹಿಡಿಯುವುದಾದರೆ, ಒಂದೇ ಆಟಿಕೆಗೆ 160 ನಿಮಿಷವಾಯಿತು. ಹತ್ತು ಮಾಡಿದರೆ ತಲಾ 52 ನಿಮಿಷ. ಹತ್ತರ ದರಕ್ಕೆ ಒಂದನ್ನು ಕೊಟ್ಟವರು ಕೂಲಿಯನ್ನು ಕೈಯಿಂದ ಹಾಕಿದಂತೆ.

ಮಗು ಆಟಿಕೆಯನ್ನು ಮೊದಲು ಬಾಯಿಗಿಡುತ್ತದೆ. ಮೂರು ವರ್ಷದೊಳಗಿನ ಮಗುವಿನ ಆಟಿಕೆಯಲ್ಲಿ, ಕಳಚಿ ಬಂದರೆ ಸುಮಾರು 32 ಮಿಲಿಮೀಟರ್ ಅಗಲದ ಪರೀಕ್ಷಾ ಕೊಳವೆಯೊಳಗೆ ಪೂರ್ತಿ ಹಿಡಿಸುವಂತಹ ಚೂರು ಇರಬಾರದು. ಚಾಲಿ ಅಡಿಕೆಯಷ್ಟು ದಪ್ಪದ ಗುಂಡು ಅದರಲ್ಲಿ ಸಲೀಸಾಗಿ ಇಳಿಯುತ್ತದೆ, ಅಂದರೆ ಗಂಟಲಿಗೂ ಇಳಿದೀತು. ಸೀಸವಿರುವ ಪೇಂಟನ್ನು ಹತ್ತಿರಕ್ಕೂ ತರಬಾರದು.

ಕಾನೂನೂ ಇದೆ. 2020ರ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶವು 2021ರ ಜನವರಿ 1ರಿಂದ ಜಾರಿಗೆ ಬಂದು, 14 ವರ್ಷದೊಳಗಿನವರ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಯಿತು. ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿ ತಾನೇ ತಯಾರಿಸಿ ಮಾರುವ ಸರಕಿಗೆ ವಿನಾಯಿತಿ ಕೊಟ್ಟಿದ್ದಾರೆ. ಇದನ್ನು ಗಮನವಿಟ್ಟು ಓದಿ: ಕೂಲಿ ಕೊಟ್ಟು ಮಾಡಿಸಿ ತೋಟದ ಹೆಸರಲ್ಲಿ ಮಾರುವ ನಮಗೆ ಆ ವಿನಾಯಿತಿ ತಾನಾಗಿ ದೊರೆಯದು. ಆದ್ದರಿಂದ ಮನೆಯಲ್ಲಿ ಕೈಕೆಲಸ ಕಲಿತವರು ಯಾರಾದರೂ ಇದ್ದರೆ ಮೊದಲು ಅವರ ನೋಂದಣಿಯಾಗಲಿ. ಹಾಗೆಯೇ ಚನ್ನಪಟ್ಟಣದ ಬೊಂಬೆಗೆ ಭೌಗೋಳಿಕ ಗುರುತಿನ ರಕ್ಷಣೆಯಿದೆ. ಮೂಡಿಗೆರೆಯಲ್ಲೋ ಸಿದ್ದಾಪುರದಲ್ಲೋ ಕಡೆದ ಆಟಿಕೆಗೆ ಆ ಊರಿನ ಹೆಸರಿಟ್ಟು ಮಾರುವಂತಿಲ್ಲ; ನಮ್ಮ ಊರಿನ ಹೆಸರನ್ನೇ ಇಟ್ಟುಕೊಳ್ಳೋಣ.