ಡ್ಯೂಪ್ ಇಲ್ಲದ ಹೀರೋಯಿನ್, ಕೊರೆಯುವ ನದಿ, ಆ ಒಂದು ಕೈ!

"ಮಾಮ, ಸೌಂಡ್ ಕೆಟ್ಟೋಗಿದೆ ನೋಡು!"

ನನ್ನ ಅಕ್ಕನ ಮಗ ಹೇಳಿದ ಮಾತಿದು. ವಯಸ್ಸು ಇಪ್ಪತ್ತು. ಸಿನಿಮಾ ಅಂದ್ರೆ ಪ್ರಾಣ. ಮೊದಲ ದಿನ, ಮೊದಲ ಆಟ ತಪ್ಪಿಸಿದವನಲ್ಲ. ಅಂಥವನ ಮುಂದೆ ಕಂಪ್ಯೂಟರಿನಲ್ಲಿ ನಾನು 1920ರ ಮೂಕಿ ಚಿತ್ರ ಹಾಕಿಕೊಂಡು ಕೂತಿದ್ದೆ. ಸೌಂಡ್ ಕೆಟ್ಟಿಲ್ಲ ಕಣೋ, ಇದರಲ್ಲಿ ಮಾತೇ ಇಲ್ಲ ಅಂದೆ. "ಡೈಲಾಗೇ ಇಲ್ದೆ ಎಂಥ ಸಿನಿಮಾ!" ಅಂತ ನಕ್ಕ. ಹೋಗಲಿ, ಐದು ನಿಮಿಷ ಕೂತ್ಕೋ ಅಂದೆ. ಕೂತ.

ಚಿತ್ರದ ಹೆಸರು 'ವೇ ಡೌನ್ ಈಸ್ಟ್'. ನಿರ್ದೇಶಕ ಡಿ. ಡಬ್ಲ್ಯೂ. ಗ್ರಿಫಿತ್. ನಾಯಕಿ ಲಿಲಿಯನ್ ಗಿಶ್, ನಾಯಕ ರಿಚರ್ಡ್ ಬಾರ್ಥೆಲ್ಮೆಸ್.

ನಾಟಕ ಸಿನಿಮಾ ಆಗೋದು ನಮಗೇನೂ ಹೊಸದಲ್ಲ. ನಮ್ಮ 1954ರ 'ಬೇಡರ ಕಣ್ಣಪ್ಪ' ಕೂಡ ರಂಗದ ಮೇಲಿಂದ ಬಂದದ್ದೇ. ಆದರೆ ನಾಟಕ ಅಂದ್ರೆ ಮಾತು. ಆ ಮಾತನ್ನೇ ಕಿತ್ತುಹಾಕಿದರೆ ಉಳಿಯೋದೇನು? ಗ್ರಿಫಿತ್ ಎದುರು ಇದ್ದದ್ದು ಇದೇ ಪಂದ್ಯ. ಲಾಟಿ ಬ್ಲೇರ್ ಪಾರ್ಕರ್ ಎಂಬಾಕೆ ಬರೆದ ಈ ನಾಟಕ ಇಪ್ಪತ್ತು ವರ್ಷದಿಂದ ಅಮೆರಿಕದ ಊರೂರು ಸುತ್ತಿ ಹಳಸಿತ್ತು. ಅದರ ಹಕ್ಕಿಗೆ ಗ್ರಿಫಿತ್ ಕೊಟ್ಟದ್ದು 1,75,000 ಡಾಲರ್! 1915ರಲ್ಲಿ ಅವನೇ ತೆಗೆದ 'ದಿ ಬರ್ತ್ ಆಫ್ ಎ ನೇಷನ್' ಇಡೀ ಚಿತ್ರಕ್ಕೂ ಅಷ್ಟು ಖರ್ಚಾಗಿರಲಿಲ್ಲ. ಯಜಮಾನರಿಗೆ ತಲೆ ಕೆಟ್ಟಿದೆ ಅಂತಲೇ ನಾವೆಲ್ಲ ಅಂದುಕೊಂಡಿದ್ದೆವು ಎಂದು ಗಿಶ್ 1969ರ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಊಟದ ಮೇಜಿನ ಮುಂದೆ

ಕಥೆ ಇಷ್ಟೇ. ಆ್ಯನಾ ಬಡ ಹಳ್ಳಿ ಹುಡುಗಿ. ನೆರವು ಕೇಳೋಕೆ ಬಾಸ್ಟನ್ನಿನ ಶ್ರೀಮಂತ ನೆಂಟರ ಮನೆಗೆ ಹೋದವಳನ್ನು ಸ್ಯಾಂಡರ್ಸನ್ ಎಂಬ ಶೋಕಿಲಾಲ ಸುಳ್ಳು ಮದುವೆ ಮಾಡಿಕೊಂಡು ಮೋಸ ಮಾಡುತ್ತಾನೆ. ಬಸುರಿ ಅಂತ ಗೊತ್ತಾದ ಕೂಡಲೇ ಮದುವೆಯೇ ನಡೆದಿಲ್ಲ ಅಂತ ಕೈ ತೊಳೆದುಕೊಳ್ಳುತ್ತಾನೆ. ತಾಯಿ ಸಾಯುತ್ತಾಳೆ. ಯಾವುದೋ ಊರಿನ ಬಾಡಿಗೆ ಕೋಣೆಯಲ್ಲಿ ಒಂಟಿಯಾಗಿ ಹೆರುತ್ತಾಳೆ. ಕೂಸು ಉಳಿಯೋ ಹಾಗಿಲ್ಲ. ಅವರ ಧರ್ಮದಲ್ಲಿ ದೀಕ್ಷಾಸ್ನಾನ ಆಗದೆ ಮಗು ಸತ್ತರೆ ಸದ್ಗತಿ ಇಲ್ಲ ಅನ್ನೋ ಭಯ. ಆ ಕೋಣೆಗೆ ಪಾದ್ರಿ ಎಲ್ಲಿಂದ ಬರಬೇಕು? ತಾಯಿಯೇ ಬೋಗುಣಿಯ ನೀರಿಗೆ ಬೆರಳು ಅದ್ದಿ ಮಗುವಿನ ಹಣೆಗೆ ಮುಟ್ಟಿಸುತ್ತಾಳೆ.

ನಮ್ಮ ಹುಡುಗ ಫೋನು ಪಕ್ಕಕ್ಕಿಟ್ಟಿದ್ದು ಇಲ್ಲೇ.

ಮಗು ಸತ್ತ ಮೇಲೆ ಆ್ಯನಾ ಒಬ್ಬ ರೈತ ಯಜಮಾನನ ಮನೆಯಲ್ಲಿ ಕೆಲಸಕ್ಕೆ ಸೇರುತ್ತಾಳೆ. ಆ ಮನೆಯ ಮಗ ಡೇವಿಡ್ ಅವಳಿಗೆ ಮನಸ್ಸು ಕೊಡುತ್ತಾನೆ. ಆದರೆ ಪಕ್ಕದ ಎಸ್ಟೇಟಿನ ದೊಡ್ಡ ಮನುಷ್ಯ ಯಾರು ಅಂತೀರಿ? ಅದೇ ಸ್ಯಾಂಡರ್ಸನ್! ಊರಿನ ಬಾಯಿಗಳಿಂದ ಅವಳ ಹಳೇ ಕಥೆ ಯಜಮಾನನ ಕಿವಿಗೆ ಬೀಳುತ್ತದೆ. ಎಲ್ಲರೂ ಊಟಕ್ಕೆ ಸೇರಿದ್ದಾರೆ, ಸ್ಯಾಂಡರ್ಸನ್ನೂ ಅತಿಥಿ. ಯಜಮಾನ ಬಾಗಿಲ ಕಡೆ ಬೆರಳು ತೋರಿಸುತ್ತಾನೆ. ಹೊರಗೆ ಹಿಮದ ಬಿರುಗಾಳಿ.

ಆಗ ಆ ಹುಡುಗಿ ತಿರುಗಿ ನಿಲ್ಲುತ್ತಾಳೆ. ನನ್ನ ಜಾತಕ ಇಷ್ಟು ಕೆದಕಿದಿರಲ್ಲ, ನಿಮ್ಮ ಪಂಕ್ತಿಯಲ್ಲಿ ಕೂತಿರೋ ಇವನದ್ದನ್ನು ಯಾಕೆ ಕೇಳಲಿಲ್ಲ ಅನ್ನೋದು ಅವಳ ಪ್ರಶ್ನೆ. ಪರದೆ ಮೇಲೆ ಬರೋದು ಬರೀ ಅಕ್ಷರ. ಕೇಳಿಸೋದು ಮಾತ್ರ ಅವಳ ಕಣ್ಣು.

"ಯಾಕೆ ಮಾಮ, ಅಳ್ತಿದೀಯ?"

ಅವನಿಗೆ ಹೇಳದ್ದನ್ನು ನಿಮಗೆ ಹೇಳ್ತೀನಿ. ನನಗೆ ಹದಿನೇಳು ವರ್ಷವಾಗಿದ್ದಾಗ ನಮ್ಮ ಬೀದಿಯಲ್ಲೂ ಒಬ್ಬ ಹುಡುಗಿಯನ್ನು ಹೀಗೇ ಮನೆಯಿಂದ ಹೊರಗೆ ಹಾಕಿದರು. ಬೀದಿ ತುಂಬ ಜನ. ಅದಕ್ಕೆ ಕಾರಣನಾದ ಗಂಡಸು ಎದುರು ಜಗಲಿ ಮೇಲೆ ಬೀಡಿ ಸೇದುತ್ತ ಕೂತಿದ್ದ. ಅವನೇ ಅಂತ ನನಗೂ ಗೊತ್ತಿತ್ತು. ನಾನೂ ಗುಂಪಿನಲ್ಲಿ ನಿಂತಿದ್ದೆ. ಬಾಯಿ ಬಿಡಲಿಲ್ಲ. ಆಮೇಲೆ ಅವಳು ಎಲ್ಲಿ ಹೋದಳೋ, ಇವತ್ತಿಗೂ ತಿಳಿಯದು.

ನೀರಿನಲ್ಲಿ ಇಳಿಬಿಟ್ಟ ಕೈ

ನಾಟಕದಲ್ಲಿ ಬಿರುಗಾಳಿ ಇತ್ತು. ನದಿ ಇರಲಿಲ್ಲ. ನದಿ ತಂದವನು ಗ್ರಿಫಿತ್. ಮಂಜುಗಡ್ಡೆ ಒಡೆದು ತೇಲುತ್ತಿದೆ, ಅದರ ಮೇಲೆ ಮೂರ್ಛೆ ಹೋದ ಆ್ಯನಾ, ಮುಂದೆ ಜಲಪಾತ! ಡೇವಿಡ್ ಒಂದು ಗಡ್ಡೆಯಿಂದ ಇನ್ನೊಂದಕ್ಕೆ ಹಾರುತ್ತ ಓಡಿ ಬರುತ್ತಾನೆ. ಇನ್ನೇನು ಮುಗೀತು ಅನ್ನೋ ಕ್ಷಣದಲ್ಲಿ ಎತ್ತಿಕೊಳ್ಳುತ್ತಾನೆ. ನಮ್ಮ ಹುಡುಗ ಕುರ್ಚಿಯ ತುದಿಗೆ ಬಂದಿದ್ದ.

"ಡ್ಯೂಪ್ ತಾನೆ?"

ಇಲ್ಲ ಮಿತ್ರರೇ! ವರ್ಮಾಂಟ್ ರಾಜ್ಯದ ವೈಟ್ ರಿವರ್ ಜಂಕ್ಷನ್ ಬಳಿಯ ನಿಜವಾದ ನದಿ, ನಿಜವಾದ ಮಂಜುಗಡ್ಡೆ, ನಿಜವಾದ ಗಿಶ್. ಕ್ಯಾಮೆರಾದ ಎಣ್ಣೆ ಹೆಪ್ಪುಗಟ್ಟದಿರಲಿ ಅಂತ ಅದರ ಕೆಳಗೆ ಸಣ್ಣ ಬೆಂಕಿ ಹಾಕಿದ್ದರಂತೆ. ಕ್ಯಾಮೆರಾಗೆ ಬೆಂಕಿ, ನಾಯಕಿಗೆ ತೆಳು ಉಡುಪು! ಕೈಯನ್ನೂ ಕೂದಲನ್ನೂ ನೀರಿಗೆ ಇಳಿಬಿಡೋಣ ಅಂತ ಹೇಳಿದ್ದು ನಿರ್ದೇಶಕನಲ್ಲ, ಸ್ವತಃ ಗಿಶ್. ಮೂರು ವಾರ, ದಿನಕ್ಕೆ ಇಪ್ಪತ್ತು ಸಲ ಆ ಗಡ್ಡೆ ಮೇಲೆ ಮಲಗಿದೆ ಅಂತ ಆಕೆಯೇ ಬರೆದಿದ್ದಾರೆ. ಕೂದಲು ಹೆಪ್ಪುಗಟ್ಟಿತು. ಆ ಕೈ ಜನ್ಮವಿಡೀ ನೋಯುತ್ತಲೇ ಇತ್ತು. 1893ರಲ್ಲಿ ಹುಟ್ಟಿ, 1987ರ 'ದಿ ವೇಲ್ಸ್ ಆಫ್ ಆಗಸ್ಟ್' ತನಕ ನಟಿಸಿ, 1993ರಲ್ಲಿ ಕಣ್ಣು ಮುಚ್ಚಿದರು. ಅಷ್ಟು ದೀರ್ಘ ಬಾಳಿನುದ್ದಕ್ಕೂ ಚಳಿ ಬಿದ್ದಾಗಲೆಲ್ಲ ಆ ನದಿ ನೆನಪಾಗದೆ ಇದ್ದೀತೇ!

ಕೈಚಳಕ ಇಲ್ಲವೇ ಇಲ್ಲ ಅನ್ನಲಾರೆ. ಜಲಪಾತದ ಅಂಚಿನ ಕೆಲವು ಶಾಟ್‌ಗಳನ್ನು ಆಮೇಲೆ ಕನೆಕ್ಟಿಕಟ್‌ನ ಫಾರ್ಮಿಂಗ್ಟನ್‌ನಲ್ಲಿ ತೆಗೆದರು. ನಡುವೆ ನಯಾಗರಾದ ತುಣುಕನ್ನೂ ಸೇರಿಸಿದರು. ಆದರೆ ಆ ಕೈ ಸುಳ್ಳಲ್ಲ.

ಗ್ರಿಫಿತ್ ಪಂದ್ಯ ಗೆದ್ದ. 1920ರ ಸೆಪ್ಟೆಂಬರ್ 3ರಂದು ನ್ಯೂಯಾರ್ಕಿನಲ್ಲಿ ಬಿಡುಗಡೆಯಾದ ಚಿತ್ರಕ್ಕೆ ಜನ ಮುಗಿಬಿದ್ದರು. ಗಲ್ಲಾಪೆಟ್ಟಿಗೆ ತುಂಬಿತು. 1935ರಲ್ಲಿ ಇದೇ ಕಥೆಯನ್ನು ಮಾತಿನ ಚಿತ್ರವಾಗಿಯೂ ತೆಗೆದರು, ಹೆನ್ರಿ ಫೊಂಡಾ ನಾಯಕ. ಆದರೆ ಇವತ್ತಿಗೂ ಜನ ಹುಡುಕಿ ನೋಡೋದು ಮಾತಿಲ್ಲದ್ದನ್ನೇ.

ಚಿತ್ರ ಮುಗಿದ ಮೇಲೆ ನಮ್ಮ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ಮಾಮ, ಹಿಂದಕ್ಕೆ ಹಾಕು" ಅಂದ. ನದಿ ಸೀನಾ ಅಂತ ಕೇಳಿದೆ.

"ಅಲ್ಲ. ಊಟದ ಮೇಜಿಂದು."

ಹಾಕಿದೆ. ಈ ಸಲ ಅವನು ಆ್ಯನಾಳನ್ನು ನೋಡಲಿಲ್ಲ. ಸುತ್ತ ಬಾಯಿ ಮುಚ್ಚಿಕೊಂಡು ಇದ್ದವರನ್ನು ಒಬ್ಬೊಬ್ಬರನ್ನಾಗಿ ನೋಡಿದ. "ಇಷ್ಟು ಜನ ಇದ್ದಾರಲ್ಲ ಮಾಮ, ಒಬ್ಬರಾದ್ರೂ ಮೊದಲೇ ಕೇಳಬಾರದಿತ್ತಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ಚಿತ್ರದ ಹಕ್ಕಿನ ಅವಧಿ ಎಂದೋ ಮುಗಿದಿದೆ. ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಒಂದು ಭಾನುವಾರ ಬಿಡುವು ಮಾಡಿಕೊಂಡು ನೋಡಿ. ಸೀಟಿ ಹಾಕಬೇಕು ಅನ್ನಿಸಿದರೆ ಡೇವಿಡ್ ಹಾರೋವಾಗ ಬೇಡ, ನೀರಿನಲ್ಲಿ ಇಳಿಬಿಟ್ಟ ಆ ಕೈಗೆ ಹಾಕಿ!